ನಲವತ್ತು ನಿಮಿಷದ ಮಗಳು

ಔಷಧಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಸೀಸೆಯ ಮೇಲೆ ಒಂದು ನಂಬರು, ಅದರ ಕೆಳಗೆ ಫ್ರಿಜ್ಜಿನಲ್ಲಿಡಬೇಕೆಂಬ ಸೂಚನೆ, ಇಷ್ಟೇ ಇದ್ದದ್ದು. ಬೆಳಿಗ್ಗೆ ಸರಿಯಾಗಿ ಎಂಟು ಗಂಟೆಗೆ ಮೂಗಿನ ಎರಡೂ ಹೊಳ್ಳೆಗೆ ಎರಡೆರಡು ಹನಿ ಬಿಡಬೇಕು. ಆಮೇಲೆ ನಲವತ್ತು ನಿಮಿಷ ಮನೆಯವರು ಎದುರಿಗೆ ಕೂತು ಮಾತಾಡಬೇಕು. ಹೀಗೆ ತೊಂಬತ್ತು ದಿನ.

ಚನ್ನಾಜಮ್ಮನವರ ಎದುರಿಗೆ ಕೂತವಳು ನಾನು. ನಾನು ಆ ಮನೆಯವಳಲ್ಲ.

ಮನೆ ಮೈಸೂರಿನ ಎನ್.ಆರ್. ಮೊಹಲ್ಲಾದಲ್ಲಿತ್ತು. ಇದ್ದವರು ತಾಯಿ ಮಗಳು ಇಬ್ಬರೇ. ಚನ್ನಾಜಮ್ಮನವರಿಗೆ ಎಪ್ಪತ್ತಾರು ವರ್ಷ. ಗಂಡ ಹೋದ ಮೇಲೆ ಮನೆಯಲ್ಲೇ ಊದುಕಡ್ಡಿ ಹೊಸೆದು ಮಗಳನ್ನು ಓದಿಸಿದವರು. ಮಗಳು ಸರ್ವಮಂಗಳ ನಂಜನಗೂಡಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಮದುವೆಯಾಗಿರಲಿಲ್ಲ. ನಾನು ಅವರನ್ನು ಅಕ್ಕ, ತಾಯಿಯನ್ನು ಅಜ್ಜಿ ಎನ್ನುತ್ತಿದ್ದೆ. ಅಜ್ಜಿಗೆ ಮರೆವಿನ ಕಾಯಿಲೆ ಹೆಚ್ಚಾಗಿ, ಒಲೆ ಹಚ್ಚಿಟ್ಟು ಬೀದಿಗೆ ಹೋಗಿಬಿಡುವುದು ಶುರುವಾದಾಗ ಅಕ್ಕ ನನ್ನನ್ನು ಹಗಲು ಹೊತ್ತು ನೋಡಿಕೊಳ್ಳಲು ಇಟ್ಟುಕೊಂಡರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನನಗೆ ಅದು ಮೂರನೇ ಮನೆ.

ನಾನು ಸೇರಿದಾಗ ಅಜ್ಜಿ ಮಗಳನ್ನು ಗುರುತು ಹಿಡಿಯುತ್ತಿದ್ದದ್ದೇ ಅಪರೂಪ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಅಕ್ಕ ತಟ್ಟೆ ಇಡುವಾಗಲೋ ಬಾಗಿಲು ತೆಗೆಯುವಾಗಲೋ, “ಮಂಗು, ಬಂದ್ಯಾ?” ಎನ್ನುತ್ತಿದ್ದರು. ಅಷ್ಟೇ. ಮರುಕ್ಷಣ ಕಣ್ಣು ಬೇರೆ ಕಡೆ ಹೋಗುತ್ತಿತ್ತು. ಆ ದಿನ ಅಕ್ಕ ಊಟ ಮಾಡುವಾಗ ಒಂದು ಮಾತು ಹೆಚ್ಚು ಆಡುತ್ತಿದ್ದರು. ಆಮೇಲೆ ಅದೂ ನಿಂತುಹೋಗಿ ಎರಡು ತಿಂಗಳಾಗಿತ್ತು. ಆಗಲೇ ಅಕ್ಕನಿಗೆ ಸಂಶೋಧನಾ ಕೇಂದ್ರದ ವಿಷಯ ತಿಳಿದದ್ದು.

ಕೇಂದ್ರ ಊರಾಚೆ ರಿಂಗ್ ರಸ್ತೆಯ ಬದಿಯಲ್ಲಿತ್ತು. ಅಲ್ಲಿನ ಮುಖ್ಯಸ್ಥರು ಡಾಕ್ಟರ್ ಅಂಗಡಿ, ಗದಗಿನ ಕಡೆಯವರು. ಮೊದಲ ದಿನ ಅವರು ಅಜ್ಜಿಯನ್ನೂ ಅಕ್ಕನನ್ನೂ ಎರಡು ದೊಡ್ಡ ಪರದೆಗಳ ಮುಂದೆ ಕೂರಿಸಿದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ.

“ಬಾ ತಂಗಿ, ಅಲ್ಲ್ಯಾಕ ನಿಂತಿ? ಇದೇನ್ ಕಚ್ಚಂಗಿಲ್ಲ,” ಎಂದು ನನ್ನನ್ನೂ ಕರೆದರು.

ಎಡಗಡೆಯದು ಇಪ್ಪತ್ತೈದು ವರ್ಷದವರ ಮಿದುಳಿನ ಕೋಶದ ಚಿತ್ರ. ಕಪ್ಪು ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಹಸಿರು ಚುಕ್ಕೆಗಳು. ಬಲಗಡೆಯದು ಎಂಬತ್ತರವರದು, ಮರೆವಿನ ಕಾಯಿಲೆ ಇದ್ದವರದು. ಅದರಲ್ಲಿ ಚುಕ್ಕೆಗಳನ್ನು ಹುಡುಕಬೇಕಾಗಿತ್ತು.

“ಈ ಚುಕ್ಕಿ ಅದಾವಲ್ಲ, ಇವು ಪೆಪ್ಟೈಡ್. ಮಿದುಳಿನ ಕೋಶಗಳು ಎರಡು ಥರಾ ಮಾತಾಡ್ತಾವ. ಒಂದು, ತಟ್ಟನ ಹೇಳಿ ಮುಗಿಸೋದು. ಇನ್ನೊಂದು, ನಿಧಾನಕ ಸುತ್ತಲೂ ಹರಡೋದು. ಆ ಎರಡನೇದು ಈ ಚುಕ್ಕಿ ಕೆಲಸ. ವಯಸ್ಸಾದಂಗ ಇವು ಕಡಿಮಿ ಆಗ್ತಾವ. ಈ ರೋಗದಾಗಂತೂ ಲಗೂನ ಒಣಗಿ ಹೋಗ್ತಾವ.” ಅವರು ಅಕ್ಕನ ಕಡೆ ತಿರುಗಿದರು. “ನಿಮ್ಮವ್ವಗ ನಿಮ್ಮ ಮುಖ ಕಾಣಂಗಿಲ್ಲ ಅಂತಲ್ಲ, ಮ್ಯಾಡಮ್. ಕಣ್ಣು, ಮೂಗು, ಕುಂಕುಮ ಎಲ್ಲಾ ಕಾಣ್ತದ. ಆದ್ರ ‘ಈಕಿ ನನ್ನಾಕಿ’ ಅನ್ನೋ ಮುದ್ರಿ ಬೀಳವಲ್ದು. ಆ ಮುದ್ರಿ ಒತ್ತೋ ಪೆಪ್ಟೈಡ್ ಒಂದನ್ನ ನಾವು ಮಾಡೇವಿ. ಮೂಗಿನಿಂದ ಸೀದಾ ಮಿದುಳಿಗೆ ಹೋಗ್ತದ. ನಲವತ್ತು ನಿಮಿಷ ಮುದ್ರಿ ಹಸಿ ಇರ್ತದ. ಆವಾಗ ಎದುರಿಗೆ ಯಾರದಾರ, ಕಿವಿಗೆ ಏನು ಬೀಳ್ತದ, ಅದು ಕೂತುಬಿಡ್ತದ.”

“ತೊಂಬತ್ತು ದಿನ ಆದ್ಮೇಲೆ ಏನ್ ಸಾರ್?” ಅಕ್ಕ ಕೇಳಿದರು.

“ಆಮ್ಯಾಲೆ ಕೋಶಗಳು ಈ ಔಷಧಕ್ಕ ಬಾಗಲಾ ಹಾಕ್ಕೋತಾವ. ಎಷ್ಟು ಹನಿ ಸುರುವಿದ್ರೂ ಒಳಗ ಬಿಡಂಗಿಲ್ಲ. ಕೂತದ್ದು ಕೂತಂಗ.”

ಅಜ್ಜಿಯ ಹಣೆಗೆ ಕಟ್ಟಲು ಒಂದು ಮೆತ್ತನೆಯ ಪಟ್ಟಿ ಕೊಟ್ಟರು. ಅಜ್ಜಿ ಯಾರನ್ನಾದರೂ ನೋಡಿ ‘ನನ್ನವರು’ ಎಂದುಕೊಂಡಾಗ ಮಿದುಳಿನಲ್ಲಿ ಏಳುವ ಅಲೆಯನ್ನು ಆ ಪಟ್ಟಿ ಹಿಡಿದು ಕೇಂದ್ರಕ್ಕೆ ಕಳಿಸುತ್ತಿತ್ತು. ಅಲ್ಲಿ ಅದು ಒಂದು ಗೆರೆಯಾಗಿ, ನೂರಕ್ಕೆ ಇಷ್ಟು ಎಂಬ ಅಂಕಿಯಾಗಿ ಕಾಣುತ್ತಿತ್ತು. ಮೊದಲ ದಿನ ಅಜ್ಜಿಯ ಅಂಕಿ ಹನ್ನೊಂದು.

*

ತೊಂದರೆ ಇದ್ದದ್ದು ಎಂಟು ಗಂಟೆಯಲ್ಲಿ. ಅಕ್ಕನ ಬಸ್ಸು ಏಳು ಮುಕ್ಕಾಲಿಗೆ. ಸಂಜೆ ಹನಿ ಬಿಡಬಹುದೇ ಎಂದು ಕೇಳಿದ್ದಕ್ಕೆ, ಬೆಳಗಿನ ಹೊತ್ತಲ್ಲದೆ ಕೋಶಗಳು ಸರಿಯಾಗಿ ಹೀರಿಕೊಳ್ಳುವುದಿಲ್ಲ ಎಂದಿದ್ದರು. ಮೂರು ತಿಂಗಳು ರಜ ಹಾಕಲು ಸಾಧ್ಯವಿರಲಿಲ್ಲ. ಹತ್ತನೇ ಕ್ಲಾಸಿಗೆ ಗಣಿತಕ್ಕೆ ಇದ್ದದ್ದು ಅವರೊಬ್ಬರೇ.

ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಅಕ್ಕ ಮೊಬೈಲಿನಲ್ಲಿ ಪಾಠ ರೆಕಾರ್ಡ್ ಮಾಡಿ ಮಕ್ಕಳಿಗೆ ಕಳಿಸುತ್ತಿದ್ದರಂತೆ. ಆ ಅಭ್ಯಾಸದಿಂದ ಅವರಿಗೊಂದು ಉಪಾಯ ಹೊಳೆಯಿತು. ಒಂದು ಭಾನುವಾರ ಬಾಗಿಲು ಹಾಕಿಕೊಂಡು ಕೂತು, ನಲವತ್ತು ನಿಮಿಷ ಅವ್ವನ ಹತ್ತಿರ ಮಾತಾಡುವ ಹಾಗೆ ಮಾತಾಡಿ ರೆಕಾರ್ಡ್ ಮಾಡಿದರು. ಹಳೇ ಮೊಬೈಲಿಗೆ ಹಾಕಿ ನನ್ನ ಕೈಗೆ ಕೊಟ್ಟರು.

“ಹನಿ ಬಿಟ್ಟ ತಕ್ಷಣ ಇದನ್ನ ಆನ್ ಮಾಡು ದಾಕ್ಷಿ. ನನ್ನ ಧ್ವನಿ ಕೇಳ್ತಾ ಇರ್ಲಿ. ನೀನು ಎದುರಿಗೆ ಕೂತ್ಕೊಂಡು ಅವ್ವ ಏಳದ ಹಾಗೆ ನೋಡ್ಕೊ.”

“ಆಯ್ತಕ್ಕ,” ಎಂದೆ.

ನನಗೆ ಏನೂ ತಪ್ಪು ಕಾಣಲಿಲ್ಲ. ಕಂಡಿದ್ದರೂ ಟೀಚರಿಗೆ ಹೇಳುವ ಧೈರ್ಯ ನನ್ನಲ್ಲಿರಲಿಲ್ಲ.

ದಿನಾ ಎಂಟು ಗಂಟೆಗೆ ಅಜ್ಜಿಯ ತಲೆ ಹಿಂದಕ್ಕೆ ಒರಗಿಸಿ ಹನಿ ಬಿಡುತ್ತಿದ್ದೆ. ಮೊಬೈಲನ್ನು ಕಿಟಕಿಯ ಮೇಲಿಟ್ಟು, ಮಣೆ ಹಾಕಿಕೊಂಡು ಎದುರಿಗೆ ಕೂತು, ಅವರ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದೆ. ವರ್ಷಗಟ್ಟಲೆ ಕಡ್ಡಿ ಹೊಸೆದ ಅಂಗೈ ಗಟ್ಟಿಯಾಗಿತ್ತು, ಗೆರೆಗಳೆಲ್ಲ ಕಪ್ಪಾಗಿದ್ದವು. ಮೊಬೈಲಿನಿಂದ ಅಕ್ಕನ ಧ್ವನಿ ಬರುತ್ತಿತ್ತು: “ಅವ್ವಾ, ನಾನು ಮಂಗಳ. ನಿನ್ ಮಗಳು. ನಿನ್ನೆದುರಿಗೇ ಕೂತಿದೀನಿ ನೋಡು. ನನ್ ಮುಖ ನೋಡವ್ವ.”

ಅಜ್ಜಿ ನನ್ನ ಮುಖ ನೋಡುತ್ತಿದ್ದರು.

ಭಾನುವಾರಗಳಲ್ಲಿ ಮಾತ್ರ ಅಕ್ಕ ತಾವೇ ಕೂರುತ್ತಿದ್ದರು. ಆದರೆ ಮೊಬೈಲಿಗೆ ಸಲೀಸಾಗಿ ಹೇಳಿದ ಮಾತು ತಾಯಿಯ ಎದುರಿಗೆ ಬರುತ್ತಿರಲಿಲ್ಲ. “ತಿಂಡಿ ಆಯ್ತಾ?” ಎನ್ನುವರು. ಆಗಿದ್ದು ಅವರಿಗೂ ಗೊತ್ತು. ಆಮೇಲೆ ಗೋಡೆ ಗಡಿಯಾರ ನೋಡುವರು. ತಾಯಿ ಮಗಳು ಯಾವತ್ತೂ ಕೂತು ಮಾತಾಡಿದವರಲ್ಲ ಎಂದು ಅಲ್ಲಿ ನಿಂತರೆ ತಿಳಿಯುತ್ತಿತ್ತು. ಎರಡು ಭಾನುವಾರ ಕಳೆದ ಮೇಲೆ, “ಭಾನುವಾರಾನೂ ನೀನೇ ಮಾಡ್ಬಿಡು ದಾಕ್ಷಿ. ನನ್ನ ರೆಕಾರ್ಡೇ ವಾಸಿ,” ಎಂದು ನಕ್ಕು ಬಟ್ಟೆ ನೆನೆಸಲು ಹೋದರು.

ಇಪ್ಪತ್ತನೆಯ ದಿನದ ಹೊತ್ತಿಗೆ ಅಜ್ಜಿಯ ಅಂಕಿ ಮೂವತ್ತು ದಾಟಿತು. ಇಪ್ಪತ್ತೇಳನೆಯ ದಿನ, ನಾನು ಕೋಸಂಬರಿಗೆ ಸೌತೇಕಾಯಿ ಹೆಚ್ಚುತ್ತಿದ್ದಾಗ, ಕೋಣೆಯಿಂದ “ಮಂಗೂ” ಎಂಬ ಕೂಗು ಕೇಳಿತು. ಹೋದೆ. ಅಜ್ಜಿ ನನ್ನನ್ನು ನೋಡಿ, “ಎಲ್ಲಿದ್ಯೇ? ಒಬ್ಳನ್ನೇ ಬುಟ್ಬುಟ್ಟು ಹೋಯ್ತೀಯಲ್ಲ,” ಎಂದರು. ಮಾತಿನಲ್ಲಿ ಭಯವಿರಲಿಲ್ಲ. ಹನಿ ಶುರುವಾಗುವ ಮೊದಲು ನನ್ನನ್ನು ಕಂಡರೆ ಸೆರಗು ಬಿಗಿ ಹಿಡಿದು ಮೂಲೆಗೆ ಸರಿಯುತ್ತಿದ್ದವರು ಅವರು.

“ಇಲ್ಲೇ ಇದ್ದೆ ಅಜ್ಜಿ,” ಎಂದೆ.

“ಯಾರೇ ಅಜ್ಜಿ? ಅವ್ವ ಅನ್ನಕ್ಕೆ ಏನ್ ರೋಗ ನಿಂಗೆ?”

ಅವರ ತುಟಿ ನಡುಗತೊಡಗಿತು. ಅಳಿಸಬಾರದೆಂದು, “ಹೂಂ ಅವ್ವ,” ಎಂದೆ. ಅವರು ಸಮಾಧಾನವಾಗಿ ಮಲಗಿದರು.

ಕಾಯಿಲೆಯವರು ಹಾಗೆ ಒಬ್ಬರನ್ನು ಇನ್ನೊಬ್ಬರೆಂದುಕೊಳ್ಳುವುದು ಹಿಂದಿನ ಮನೆಗಳಲ್ಲೂ ನೋಡಿದ್ದೆ. ಹಾಗೇ ಇರಬೇಕೆಂದು ಸುಮ್ಮನಾದೆ.

ಸಂಜೆ ಅಕ್ಕ ಚಪ್ಪಲಿ ಬಿಡುವ ಹೊತ್ತಿಗೆ ಒಳಗಿನಿಂದ ಮತ್ತೆ ಕೂಗು. “ಮಂಗೂ!”

ಅಕ್ಕ ಬ್ಯಾಗು ನೆಲಕ್ಕೆ ಹಾಕಿ ಓಡಿದರು. “ಬಂದೆ ಅವ್ವಾ, ಬಂದೆ!” ಅಜ್ಜಿ ಅವರ ಭುಜದಾಚೆ, ಬಾಗಿಲಲ್ಲಿ ನಿಂತ ನನ್ನ ಕಡೆ ನೋಡುತ್ತಿದ್ದರು. ಅಕ್ಕ ಅದನ್ನು ಗಮನಿಸಲಿಲ್ಲ. ತಾಯಿಯ ಕೆನ್ನೆ ಹಿಡಿದು, “ಕರೆದ್ಯಾ? ನನ್ನನ್ನ ಕರೆದ್ಯಾ?” ಎಂದು ಮತ್ತೆ ಮತ್ತೆ ಕೇಳಿದರು. ಅಜ್ಜಿ ಮುಖ ತಿರುಗಿಸಿಕೊಂಡಾಗ, “ಸಂಜೆ ಹೊತ್ತು ಗೊಂದಲ ಜಾಸ್ತಿ ಅಂತ ಡಾಕ್ಟ್ರೇ ಹೇಳಿದ್ರಲ್ಲ. ಹೆಸರು ಬಂತಲ್ಲ, ಸಾಕು,” ಎಂದರು. ಮಾರನೆಯ ದಿನ ಶಾಲೆಯಿಂದ ಬರುವಾಗ ಮೈಸೂರ್ ಪಾಕ್ ತಂದು ವಠಾರದವರಿಗೆಲ್ಲ ಹಂಚಿದರು. ನನಗೆ ಎರಡು ತುಂಡು ಕೊಟ್ಟರು.

*

ಗುರುವಾರಗಳಂದು ನಾನೇ ಅಜ್ಜಿಯನ್ನು ಆಟೋದಲ್ಲಿ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಐವತ್ತೆಂಟನೆಯ ದಿನ ಅಂಥದೊಂದು ಗುರುವಾರ. ಕಾಯುವ ಜಾಗದಲ್ಲಿ ಬೋಗಾದಿಯ ಜಯಶೀಲ ಎಂಬಾಕೆ, ಮಾವನನ್ನು ಕರೆತಂದಿದ್ದವರು, ಎಲ್ಲರನ್ನೂ ನಗಿಸುತ್ತಿದ್ದರು.

“ನಮ್ ಮಾವನ ಕತೆ ಕೇಳಿ. ಟೀವೀಲಿ ವಾರ್ತೆ ಓದ್ತಾನಲ್ಲ ಒಬ್ಬ, ಕನ್ನಡಕದೋನು, ಅವನ್ನ ನೋಡ್ಬುಟ್ಟು ‘ಲೋ ಕುಮಾರ, ಊಟ ಆಯ್ತೇನ್ಲಾ’ ಅಂತಾರೆ. ನಮ್ಮೆಜಮಾನ್ರು ಪಕ್ಕದಲ್ಲೇ ಕೂತವ್ರೆ! ‘ಅಪ್ಪಾ ನಾನ್ ಕಣಪ್ಪಾ ಕುಮಾರ’ ಅಂದ್ರೆ, ‘ನೀವ್ ಸ್ವಲ್ಪ ಸುಮ್ನಿರಿ ಸ್ವಾಮಿ, ನನ್ ಮಗ ಮಾತಾಡ್ತಾವ್ನೆ’ ಅಂತಾರೆ. ವಾರ್ತೆ ಮುಗಿದ್ರೆ ‘ಎಲ್ಲೋದ ಹುಡುಗ’ ಅಂತ ಅಳು.”

ಎಲ್ಲರೂ ನಕ್ಕರು. ಒಬ್ಬ ಮುದುಕಿ, “ನಿಮ್ಮೆಜಮಾನ್ರಿಗೂ ಒಂದ್ ಕೋಟು ಹೊಲ್ಸಮ್ಮ,” ಎಂದಳು. ಮತ್ತೆ ನಗು.

“ಹನಿ ಬಿಟ್ಟಾಗ ಟೀವಿ ಹಾಕಿರ್ತೀರಾ?” ಎಂದು ಕೇಳಿದೆ. ಅಲ್ಲಿ ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

“ಹಾಕ್ದೆ ಇದ್ರೆ ಕೂರ್ಬೇಕಲ್ಲ ತಾಯಿ! ನಮ್ಮೆಜಮಾನ್ರು ‘ಅಪ್ಪಾ ನಾನು ಕುಮಾರ’ ಅಂತ ಅಡುಗೆಮನೆಯಿಂದ್ಲೇ ಕೂಗ್ತಿರ್ತಾರೆ, ತಿಂಡಿ ತಿಂತಾ.”

ನನ್ನ ಕೈಯನ್ನು ಅಜ್ಜಿ ಹಿಡಿದುಕೊಂಡಿದ್ದರು. ಎಳೆದುಕೊಳ್ಳಬೇಕೆನಿಸಿತು, ಎಳೆದುಕೊಳ್ಳಲಿಲ್ಲ. ಧ್ವನಿ ಒಬ್ಬರದು, ಮುಖ ಇನ್ನೊಬ್ಬರದು. ಎರಡೂ ಸೇರಿ ಒಂದೇ ಮುದ್ರೆ ಬೀಳುತ್ತಿದೆ. ಐವತ್ತೆಂಟು ದಿನದಿಂದ ಅಕ್ಕ ತಮ್ಮ ಬಾಯಿಯಿಂದಲೇ, ಇವಳೇ ನಿನ್ನ ಮಗಳೆಂದು ನನ್ನನ್ನು ತೋರಿಸುತ್ತಿದ್ದಾರೆ. ಅಂದು ಅಜ್ಜಿಯ ಅಂಕಿ ಅರವತ್ತೊಂಬತ್ತು. ಪಟ್ಟಿಗೆ ಅವರು ಗುರುತು ಹಿಡಿದರು ಎಂಬುದಷ್ಟೇ ತಿಳಿಯುತ್ತಿತ್ತು. ಯಾರನ್ನು ಎಂಬುದು ತಿಳಿಯುತ್ತಿರಲಿಲ್ಲ.

ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನವೂ ಎದುರಿಗೆ ಕೂತೆ. ಅಜ್ಜಿ ನನ್ನ ಗಲ್ಲ ಹಿಡಿದು, “ಸಣ್ಣಗಾಗಿದ್ಯಲ್ಲೇ,” ಎಂದರು. ನಾನು ಸಣ್ಣಗಾಗಿದ್ದು ನಿಜ. ಅದನ್ನು ಬೇರೆ ಯಾರೂ ನೋಡಿರಲಿಲ್ಲ. ಒಂದು ದಿನ, ಎರಡು ದಿನ ಎಂದು ಒಂಬತ್ತು ದಿನ ಕಳೆದೆ. ಕೆಲಸ ಹೋಗುತ್ತದೆ ಎಂಬ ಭಯ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅರವತ್ತಾರನೆಯ ದಿನ ಸಂಜೆ ಅಕ್ಕ ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ ಹತ್ತಿರ ಹೋಗಿ ನಿಂತೆ.

“ಏನೇ? ರಜ ಬೇಕಾ?”

“ಅಕ್ಕ, ನಾಳೆ ಒಂದು ದಿನ ತಡವಾಗಿ ಹೋಗಿ. ಹನಿ ಬಿಡೋವಾಗ ಬಾಗಿಲ ಹಿಂದೆ ನಿಂತು ನೋಡಿ. ಒಳಗೆ ಮಾತ್ರ ಬರ್ಬೇಡಿ.”

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಮರುದಿನ ಅವರು ನಿಂತು ನೋಡಿದರು. ಮೊಬೈಲಿನಲ್ಲಿ ಅವರ ಧ್ವನಿ, “ನನ್ ಮುಖ ನೋಡವ್ವ,” ಎಂದಿತು. ಅಜ್ಜಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, “ನೋಡ್ತಾನೇ ಇವ್ನಿ ಮಂಗು, ನಿನ್ನ ಬುಟ್ಟು ಇನ್ಯಾರ್ನ ನೋಡ್ಲಿ,” ಎಂದರು. ಬಾಗಿಲ ಸಂದಿಯಲ್ಲಿ ಅಕ್ಕನ ಸೀರೆಯ ಅಂಚು ಸ್ವಲ್ಪವೂ ಅಲುಗಲಿಲ್ಲ. ನಲವತ್ತು ನಿಮಿಷ ಮುಗಿದ ಮೇಲೆ ಅವರು ಒಳಗೆ ಬಂದು ಮೊಬೈಲ್ ಆರಿಸಿದರು.

“ಯಾವತ್ತಿಂದ ಗೊತ್ತು ನಿಂಗೆ?”

“ಒಂಬತ್ತು ದಿನದಿಂದ.”

“ಮಂಗು ಅಂತ ಕರೆದಾಗ ಏನಂತಿದ್ದೆ?”

“ಹೂಂ ಅವ್ವ ಅಂತಿದ್ದೆ.”

ಬೈಯುತ್ತಾರೆಂದು ಕಾದೆ. ಅವರು ಗೋಡೆಯ ಕಡೆ ತಿರುಗಿ, “ಒಂಬತ್ತು ದಿನ,” ಎಂದರು. “ಇರೋದೇ ತೊಂಬತ್ತು.”

*

ಅಂಗಡಿ ಡಾಕ್ಟರು ಆ ದಿನ ನಮ್ಮನ್ನು ಮಾನಿಟರ್ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯ ತುಂಬ ಅರವತ್ತು ಗೆರೆಗಳು, ಅರವತ್ತು ಮನೆಗಳವು. ಹೆಚ್ಚಿನವೆಲ್ಲ ಮೇಲಕ್ಕೇ ಹೋಗುತ್ತಿದ್ದವು. ಅಕ್ಕ ಹೇಳಿದ್ದನ್ನು ಕೇಳಿ ಅವರು ಒಂದೊಂದೇ ಮನೆಗೆ ಫೋನ್ ಮಾಡಿಸಿದರು. ಇಪ್ಪತ್ತೆರಡು ಮನೆಗಳಲ್ಲಿ ಎದುರಿಗಿದ್ದದ್ದು ಬೇರೆಯವರು: ಕೆಲಸದವರು, ಟೀವಿ, ಒಂದು ಕಡೆ ಗೋಡೆಯ ಮೇಲಿನ ಕ್ಯಾಲೆಂಡರಿನ ಮಗು.

“ನಾವು ಇಲಿ ಮ್ಯಾಲೆ ನೋಡಿದ್ವಿ, ಮಂಗ್ಯಾನ ಮ್ಯಾಲೆ ನೋಡಿದ್ವಿ,” ಎಂದರು ಡಾಕ್ಟರು. “ಬೆಳಗಿನ ಎಂಟಕ್ಕ ಮನಿಯಾಗ ಯಾರ್ ಇರ್ತಾರ ಅಂತ ಮಾತ್ರ ನೋಡ್ಲಿಲ್ಲ.” ನನ್ನ ಕಡೆ ತಿರುಗಿ, “ನೀ ಹೇಳದಿದ್ರ ನಮಗ ತಿಳೀತಿದ್ದಿಲ್ಲ ತಂಗಿ,” ಎಂದರು.

“ಇನ್ನು ಇಪ್ಪತ್ಮೂರು ದಿನ ಇದೆ ಸಾರ್. ನಾನೇ ಕೂತ್ರೆ?” ಅಕ್ಕ ಕೇಳಿದರು.

“ಕೂಡ್ರಿ. ಆದ್ರ ಒಂದು ಮಾತು. ಹಳೇ ಮುದ್ರಿ ಮ್ಯಾಲೆ ಹೊಸಾದು ಒತ್ತಬೇಕಂದ್ರ ಮೊದಲಿಂದು ಮಸಕಾಗ್ಬೇಕು. ಈಕಿ ಎದುರಿಗೆ ಬರಬಾರ್ದು. ಧ್ವನಿನೂ ಕೇಳಬಾರ್ದು. ಅಷ್ಟಾದ್ರೂ ಆಗೇ ಆಗ್ತದ ಅಂತ ನಾ ಹೇಳಂಗಿಲ್ಲ.”

ಅಕ್ಕ ಆ ದಿನವೇ ರಜದ ಅರ್ಜಿ ಬರೆದರು. ಹೆಡ್‌ಮಾಸ್ಟರು ಫೋನಿನಲ್ಲಿ ಕೂಗಾಡಿದ್ದು ಹೊರಗೂ ಕೇಳಿಸಿತು. ಅಕ್ಕ, “ಮಕ್ಕಳಿಗೆ ಇನ್ನೊಂದ್ ವರ್ಷ ಇರುತ್ತೆ ಸಾರ್,” ಎಂದು ಫೋನ್ ಇಟ್ಟರು.

ಅರವತ್ತೆಂಟನೆಯ ದಿನದಿಂದ ನಾನು ಅಡುಗೆಮನೆಯಲ್ಲೇ ಇದ್ದೆ. ಪಾತ್ರೆಯನ್ನೂ ಸದ್ದಾಗದಂತೆ ತೊಳೆಯುತ್ತಿದ್ದೆ. ಎಂಟು ಗಂಟೆಗೆ ಅಕ್ಕನೇ ಹನಿ ಬಿಡುವರು, ಮಣೆ ಹಾಕಿಕೊಂಡು ಕೂರುವರು.

“ಅವ್ವಾ, ನಾನು ಮಂಗಳ.”

“ಯಾರು?”

“ಮಂಗಳ ಕಣವ್ವ. ನಿನ್ ಮಗಳು.”

“ನನ್ ಮಗಳು ಎಲ್ಲೋದ್ಲು? ನೀವ್ಯಾರಮ್ಮ? ಅವಳ್ನ ಕರೀರಿ ಸ್ವಲ್ಪ.”

ಅಕ್ಕ ಬಿಡಲಿಲ್ಲ. ಟೀಚರಲ್ಲವೇ, ತಿಳಿಯದ ಹುಡುಗನಿಗೆ ಹತ್ತು ಸಲ ಹೇಳಿಕೊಡುವ ಅಭ್ಯಾಸ. ಹಳೆಯ ಫೋಟೋ ತಂದರು. ತಾವು ಹುಡುಗಿಯಾಗಿದ್ದಾಗಿನ ಲಂಗ ತಂದರು. ಅಜ್ಜಿ ಲಂಗವನ್ನು ಮಡಚಿ ಪಕ್ಕಕ್ಕಿಟ್ಟು, “ಇದು ನಮ್ ಮಂಗೂದು. ನಿಮ್ ಕೈಗೆ ಹೆಂಗ್ ಬಂತು?” ಎಂದು ಸಂಶಯದಿಂದ ಕೇಳಿದರು. ನಾಲ್ಕನೆಯ ದಿನದಿಂದ ಅಳು ಶುರುವಾಯಿತು. ಬಾಗಿಲ ಕಡೆ ನೋಡುತ್ತ, “ಮಂಗೂ, ಮಂಗೂ,” ಎಂದು. ಆ ಹೆಸರಿನವರು ಎದುರಿಗೇ ಕೂತಿದ್ದರು. ನಾನು ಅಡುಗೆಮನೆಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿರುತ್ತಿದ್ದೆ.

ಅಂಕಿ ಎಪ್ಪತ್ತೊಂದರಿಂದ ನಲವತ್ತಕ್ಕೆ, ನಲವತ್ತರಿಂದ ಇಪ್ಪತ್ತಾರಕ್ಕೆ ಇಳಿಯಿತು. ಎಂಬತ್ತೊಂದನೆಯ ದಿನ ಡಾಕ್ಟರು ಫೋನ್ ಮಾಡಿದರು. ಅಕ್ಕ ಸ್ಪೀಕರಿಗೆ ಹಾಕಿದರು.

“ಮ್ಯಾಡಮ್, ಹಳೇದು ಹೊಂಟೇತಿ, ಹೊಸಾದು ಕೂಡವಲ್ದು. ಹಿಂಗ ಬಿಟ್ರ ಆಕಿಗೆ ಯಾರೂ ಉಳಿಯಂಗಿ‌ಲ್ಲ. ನಿರ್ಧಾರ ನಿಮ್ಮದು. ನಾ ಹೇಳೋ ಹಕ್ಕು ಕಳಕೊಂಡೀನಿ.”

ಅಕ್ಕ ಇನ್ನೂ ಮೂರು ದಿನ ಪ್ರಯತ್ನ ಮಾಡಿದರು. ಅಷ್ಟು ಹೊತ್ತಿಗೆ ಅಜ್ಜಿ ಊಟ ಬಿಟ್ಟಿದ್ದರು. ತುತ್ತು ಬಾಯಿಗಿಟ್ಟರೆ ತುಟಿ ಬಿಗಿ ಹಿಡಿಯುತ್ತಿದ್ದರು. ಗೊತ್ತಿಲ್ಲದವರ ಕೈಯ ಅನ್ನ.

ಎಂಬತ್ತನಾಲ್ಕನೆಯ ಬೆಳಿಗ್ಗೆ ಅಕ್ಕ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ರವಿಕೆಯ ತೋಳಿನ ಮೇಲೆ ಅನ್ನದ ಅಗುಳು ಅಂಟಿತ್ತು.

“ಹೋಗು. ಕರೀತಾ ಇದ್ದಾಳೆ.”

“ಅಕ್ಕ, ಇನ್ನೂ ಆರು ದಿನ ಇದೆ.”

“ಆರು ದಿನ ಉಪವಾಸ ಕೆಡವಲಾ? ಹೋಗೇ.”

ನಾನು ಒಳಗೆ ಹೋದಾಗ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಕ್ಷಣ ನಾನೂ ಹೊರಗಿನವಳೇ ಆದೆ. ಹಾಗೇ ಉಳಿಯಲೂಬಹುದಿತ್ತು. ಅಷ್ಟರಲ್ಲಿ ಅವರ ಕೈ ಮುಂದೆ ಬಂತು. “ಎಲ್ಲೋಗಿದ್ಯೇ ಮಂಗು? ಯಾರೋ ಬಂದು ದಿನಾ ಕಾಟ ಕೊಡ್ತಾರೆ ಕಣೇ.”

ಅಕ್ಕ ಬಾಗಿಲಲ್ಲಿದ್ದರು. ನಾನು ಅನ್ನ ಕಲಸಿ ಕೊಟ್ಟೆ. ಅಜ್ಜಿ ತಿಂದರು. ಹಸಿದವರು ತಿನ್ನುವ ಹಾಗೆ, ಬೆರಳು ಸಮೇತ.

ಎಂಟು ಗಂಟೆಗೆ ಹನಿ ಬಿಟ್ಟೆ. ಆಗ ಅಕ್ಕ ಎಣ್ಣೆ ಬಟ್ಟಲು ಹಿಡಿದು ಬಂದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು.

“ಇವಳ್ಯಾರೇ?” ಅಜ್ಜಿ ನನ್ನನ್ನು ಕೇಳಿದರು.

ಅಕ್ಕನೇ ಹೇಳಿದರು: “ಕೆಲಸಕ್ಕೆ ಬಂದಿದೀನಿ ಅಜ್ಜಿ. ಕೈಗೆ ಎಣ್ಣೆ ತಿಕ್ಕಕ್ಕೆ.”

ತಮ್ಮ ತಾಯಿಯನ್ನು ಅವರು ಅಜ್ಜಿ ಎಂದದ್ದನ್ನು ಕೇಳಿ ನಾನು ತಲೆ ತಗ್ಗಿಸಿದೆ. ಅಜ್ಜಿ ಕೈ ಕೊಟ್ಟರು. ಕೆಲಸದವಳೆಂದ ಮೇಲೆ ಹೆದರಿಕೆ ಹೋಗಿತ್ತು. ಅಕ್ಕ ತಿಕ್ಕುತ್ತ, “ಕೈ ಯಾಕಜ್ಜಿ ಇಷ್ಟು ಕಪ್ಪು?” ಎಂದರು. ಮಾತು ಸಾಗಲಿ ಎಂದು ಕೇಳಿದ್ದಿರಬೇಕು.

“ಕಡ್ಡಿ ಹೊಸ್ದೂ ಹೊಸ್ದು. ಕಡ್ಡಿಗೆ ಮೆತ್ತೋ ಇದ್ದಲು ಮಸಾಲೆ ಕಣವ್ವ, ಏನ್ ಉಜ್ಜಿದ್ರೂ ಹೋಗಾಕಿಲ್ಲ.” ಅಜ್ಜಿ ಗಲ್ಲದಲ್ಲೇ ನನ್ನನ್ನು ತೋರಿಸಿದರು. “ಇವ್ಳು ಸಣ್ಣೋಳಿದ್ದಾಗ ನಾನೂ ಹೊಸೀತೀನಿ ಅಂತ ಮಣೆ ತಾವ್ ಬರೋಳು. ಕಡ್ಡಿ ಕಟ್ಟು ತಕ್ಕಂಡು ಬುಡ್ತಿದ್ದೆ ಏಟು. ಓಡೋಗೋಳು. ನಮ್ಮವ್ವಂಗೆ ನನ್ ಕಂಡ್ರೆ ಆಗಾಕಿಲ್ಲ ಅಂತ ಪಕ್ಕದ್ಮನೇಲಿ ಹೇಳ್ಕಂಡು ಅಳೋಳಂತೆ.”

ಅಕ್ಕನ ಕೈ ನಿಂತಿತು.

“ಯಾಕ್ ಹೊಡೀತಿದ್ರಿ?”

“ಹೊಡೀದೆ? ಒಂದ್ ಕಿತ ಆ ಮಸಾಲೆ ಕೈಗೆ ಹತ್ತಿದ್ರೆ ಮುಗೀತು, ಜೀವ ಇರೋಗಂಟ ಅದೇಯ. ಅದೂ ಅಲ್ದೆ ಲೆಕ್ಕದಲ್ಲಿ ಭಾರಿ ಬುದ್ಧಿವಂತೆ ನನ್ ಮಗಳು. ಸಾವ್ರ ಕಡ್ಡೀನ ಕಣ್ಣಲ್ಲೇ ಎಣಿಸೋಳು. ಅಂಥೋಳ್ ಕೈ ಕಪ್ಪಾಗಕ್ ಬುಡ್ತಾರಾ?” ಅಜ್ಜಿ ಗುಟ್ಟು ಹೇಳುವಂತೆ ಅಕ್ಕನ ಕಡೆ ಬಾಗಿದರು. “ಅವ್ಳಿಗೆ ಹೇಳ್ಬ್ಯಾಡ. ಹೊಗಳ್ದ್ರೆ ಓದಾಕಿಲ್ಲ.”

“ಹೇಳಲ್ಲ,” ಎಂದರು ಅಕ್ಕ.

ಮುಂದಿನ ಐದು ದಿನವೂ ಹೀಗೆಯೇ ನಡೆಯಿತು. ನಾನು ಎದುರಿಗೆ, ಅಕ್ಕ ಪಕ್ಕದಲ್ಲಿ. ಮಗಳ ಬಗೆಗಿನ ಮಾತುಗಳನ್ನೆಲ್ಲ ಅಜ್ಜಿ ಕೆಲಸದವಳಿಗೆ ಹೇಳಿದರು. ಮಗಳು ಟೀಚರಾದ ದಿನ ಬೀದಿಯ ಕೊನೆಯವರೆಗೆ ಹಿಂದೆ ಹಿಂದೆಯೇ ಹೋಗಿ, ಅವಳು ತಿರುಗಿ ನೋಡಿದಾಗ ನಲ್ಲಿಕಟ್ಟೆಯ ಹಿಂದೆ ಅಡಗಿದ್ದನ್ನೂ ಹೇಳಿದರು. ಒಮ್ಮೊಮ್ಮೆ ನನ್ನ ಕಡೆ ನೋಡಿ ನಾಚುತ್ತಿದ್ದರು. ನಾನು ಅರ್ಥವಾದವಳಂತೆ ನಗುತ್ತಿದ್ದೆ. ನನಗೆ ಸೇರದ ಮಾತುಗಳನ್ನು ನನ್ನ ಮುಖ ನೋಡಿ ಹೇಳುತ್ತಿದ್ದರು. ಅವು ಸೇರಬೇಕಾದವರು ತಲೆ ತಗ್ಗಿಸಿ ಎಣ್ಣೆ ತಿಕ್ಕುತ್ತಿದ್ದರು.

*

ತೊಂಬತ್ತನೆಯ ದಿನದ ಕೊನೆಯ ಪರೀಕ್ಷೆ ಕೇಂದ್ರದಲ್ಲಿ ನಡೆಯಿತು. ಕೊನೆಯ ಹನಿಗಳನ್ನು ಅಲ್ಲಿಯೇ ಬಿಟ್ಟರು. ನಲವತ್ತು ನಿಮಿಷ ಮುಗಿಯುವುದನ್ನು ಗೋಡೆಯ ಮೇಲಿನ ಗಡಿಯಾರ ಎಣಿಸಿತು. ನಂತರ ಅಂಗಡಿ ಡಾಕ್ಟರು ಅಜ್ಜಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತು ನನ್ನನ್ನು ತೋರಿಸಿದರು.

“ಅಜ್ಜಿ, ಇವ್ರು ಯಾರ್ರೀ?”

“ಯಾರು ಅಂದ್ರೆ? ನನ್ ಮಗಳು, ಮಂಗು.”

ಪರದೆಯ ಮೇಲೆ ಗೆರೆ ನೆಟ್ಟಗೆ ಎದ್ದಿತು. ಎಪ್ಪತ್ತನಾಲ್ಕು. ಡಾಕ್ಟರು ಅದನ್ನು ಬರೆದುಕೊಂಡರು. ಬರೆಯುವಾಗ ಅಕ್ಕನ ಕಡೆ ನೋಡಲಿಲ್ಲ.

“ಮತ್ತ ಇವ್ರು?”

ಅಜ್ಜಿ ಅಕ್ಕನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಗೆರೆ ನೆಲ ಬಿಟ್ಟು ಸ್ವಲ್ಪ ಮೇಲೆದ್ದು, ಅಲ್ಲೇ ನಡುಗುತ್ತ ನಿಂತಿತು. ಇಪ್ಪತ್ತೆರಡು, ಇಪ್ಪತ್ಮೂರು. ಡಾಕ್ಟರ ಪೆನ್ನು ನಿಂತಿತು.

“ಗೊತ್ತಿಲ್ಲ ಕಣಪ್ಪ,” ಎಂದರು ಅಜ್ಜಿ. “ಕೈಗೆ ಎಣ್ಣೆ ಹಚ್ತಾಳೆ. ಒಳ್ಳೇ ಹುಡುಗಿ.” ಆಮೇಲೆ ಏನೋ ಹುಡುಕುವವರಂತೆ ಮುಂದಕ್ಕೆ ಬಾಗಿ ಅಕ್ಕನನ್ನೇ ಕೇಳಿದರು, “ನೀನು ಯಾರ್ ಮಗಳವ್ವ?”

“ಚನ್ನಾಜಮ್ಮನ ಮಗಳು,” ಎಂದರು ಅಕ್ಕ.

“ಅಯ್ಯೋ, ನಿಮ್ಮವ್ವಂಗೂ ನನ್ ಹೆಸರೇನಾ?” ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕರು. “ಅವ್ರವ್ರ ಮನೆ ಕೆಲ್ಸ ಮಾಡ್ಕಂಡು ಅವಳ್ನ ಮರ್ತ್‌ಬುಟ್ಟೀಯ. ಚೆನ್ನಾಗ್ ನೋಡ್ಕೊ ಆಯ್ತಾ?”

“ನೋಡ್ಕೋತೀನಿ.”

ಅಜ್ಜಿ ಒಪ್ಪಿದವರಂತೆ ತಲೆಯಾಡಿಸಿ ನನ್ನ ಕಡೆ ತಿರುಗಿದರು. “ಮಂಗು, ಮನೇಗೋದ್ಮೇಲೆ ಇವಳ್ಗೆ ಊಟ ಹಾಕಿ ಕಳ್ಸು.”

ಅಕ್ಕ ನನ್ನನ್ನು ನೋಡಿದರು. ಆ ಹೆಸರಿಗೆ ನಾನು ಉತ್ತರ ಕೊಡುವುದನ್ನು ಅವರು ಕಾಯುತ್ತಿದ್ದರು.

“ಆಯ್ತವ್ವ,” ಎಂದೆ.